ಶಾಲೆಯ ಅಂಗಳದಲ್ಲಿ ಹಸಿರೆಷ್ಟು? ಮಕ್ಕಳು ಮಾಡಿದ ಲೆಕ್ಕ

ಈ ವರ್ಷದ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ಏನಾದರೂ ಬರೆದುಕೊಡಬೇಕೆಂದು ಸಂಘದ ಕಾರ್ಯದರ್ಶಿಗಳು ಕೇಳಿದಾಗ ನಾನು ಹಿಂಜರಿದದ್ದುಂಟು. ನಾನು ವೈದ್ಯನಲ್ಲ, ವಾಣಿಜ್ಯಶಾಸ್ತ್ರವನ್ನು ಓದಿ, ಇಪ್ಪತ್ತು ವರ್ಷಗಳಿಂದ ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಕಾಲ ಕಳೆದವನು. ಮಧುಮೇಹ, ರಕ್ತದೊತ್ತಡ, ಮಂಡಿನೋವುಗಳನ್ನು ಕುರಿತು ನಮ್ಮ ಸದಸ್ಯರಲ್ಲೇ ಇರುವ ವೈದ್ಯಮಿತ್ರರು ಅಧಿಕಾರವಾಣಿಯಿಂದ ಬರೆಯುತ್ತಲೇ ಬಂದಿದ್ದಾರೆ. ಆದರೆ ನಮ್ಮ ಮಕ್ಕಳು ದಿನದ ಆರೇಳು ಗಂಟೆಗಳನ್ನು ಕಳೆಯುವ ಶಾಲೆಯ ಅಂಗಳದ ಬಗ್ಗೆ ಯಾರೂ ಬರೆದಂತಿಲ್ಲ. ಆ ವಿಷಯದಲ್ಲಿ ನನ್ನದೊಂದು ತಪ್ಪೂ ಇದೆ. ಅದನ್ನು ಒಪ್ಪಿಕೊಳ್ಳುವುದಕ್ಕಾದರೂ ಈ ಲೇಖನ ಬರೆಯಬೇಕೆನ್ನಿಸಿತು.

2024ರ ಜನವರಿಯ ಒಂದು ಭಾನುವಾರ. ಮುಲುಂಡಿನ ನಮ್ಮ ಮನೆಯ ಹಜಾರದಲ್ಲಿ, ಆಗ ಎಂಟನೆಯ ತರಗತಿಯಲ್ಲಿದ್ದ ಮಗಳು ಎರಡು ಗ್ರಾಫ್ ಹಾಳೆಗಳನ್ನು ಅಂಟಿಸಿಕೊಂಡು ತನ್ನ ಶಾಲೆಯ ನಕ್ಷೆಗೆ ಬಣ್ಣ ತುಂಬುತ್ತಿದ್ದಳು. ಭೂಗೋಳದ ಅಧ್ಯಾಪಿಕೆ ಒಪ್ಪಿಸಿದ ಕೆಲಸ. ಹುಲ್ಲಿಗೆ ತಿಳಿಹಸಿರು, ಮರಕ್ಕೆ ಕಡುಹಸಿರು, ತೆರೆದ ಮಣ್ಣಿಗೆ ಕಂದು, ಸಿಮೆಂಟಿಗೆ ಬೂದು. ಒಂದು ಚೌಕಕ್ಕೆ ಒಂದು ಚದರ ಮೀಟರು. ಬೂದುಬಣ್ಣದ ಪೆನ್ಸಿಲು ಸವೆದು ಗೇಣುದ್ದದಿಂದ ಬೆರಳುದ್ದಕ್ಕೆ ಇಳಿದಿತ್ತು. ಅವಳು ತಲೆಯೆತ್ತದೆಯೇ, "ಅಪ್ಪಾ, ಇಲ್ಲಿ ಮೊದಲು ಮಣ್ಣೇ ಇತ್ತಲ್ಲ, ಯಾವಾಗ ಮುಚ್ಚಿದರು?" ಎಂದು ಕೇಳಿದಳು.

ಮುಚ್ಚಿದವರಲ್ಲಿ ನಾನೂ ಒಬ್ಬ. 2018ರಲ್ಲಿ ಆ ಶಾಲೆಯ ಪಾಲಕ-ಶಿಕ್ಷಕ ಸಂಘಕ್ಕೆ ನಾನು ಕೋಶಾಧಿಕಾರಿಯಾಗಿದ್ದೆ. ಮಳೆಗಾಲದಲ್ಲಿ ಅಂಗಳವೆಲ್ಲ ಕೆಸರಾಗುತ್ತದೆ, ಮಕ್ಕಳ ಬಿಳಿ ಬೂಟು ಹಾಳಾಗುತ್ತದೆ, ಬೇಸಿಗೆಯಲ್ಲಿ ಧೂಳೇಳುತ್ತದೆ ಎಂದು ಪಾಲಕರ ದೂರು ಬಂದಿತು. ದೂರು ಸುಳ್ಳೇನಲ್ಲ. ಮೂರು ದರಪಟ್ಟಿಗಳನ್ನು ತರಿಸಿ, ಕಡಿಮೆಯದನ್ನು ಆರಿಸಿ, ಇಡೀ ಅಂಗಳಕ್ಕೆ ಪೇವರ್ ಬ್ಲಾಕ್ ಹಾಕಿಸುವ ಠರಾವಿಗೆ ನಾವು ಸಹಿ ಮಾಡಿದೆವು. ಕೆಲಸ ಅಚ್ಚುಕಟ್ಟಾಗಿಯೇ ಆಯಿತು. ಆ ವರ್ಷದ ಲೆಕ್ಕಪತ್ರದಲ್ಲಿ ಬ್ಲಾಕುಗಳು ಸ್ಥಿರಾಸ್ತಿಯ ತಲೆಬರಹದಡಿ ಸೇರಿದವು. ಮುಂದೆ ವರ್ಷವರ್ಷವೂ ಅವಕ್ಕೆ ಸವಕಳಿಯನ್ನೂ ಬರೆದೆವು. ಅವುಗಳ ಅಡಿಯಲ್ಲಿ ಹೋದ ನೆಲಕ್ಕೆ ಯಾವ ಪುಟದಲ್ಲಿಯೂ ಜಾಗವಿರಲಿಲ್ಲ. ಮರಗಳಂತೂ ಯಾವ ವರ್ಷವೂ ಆಸ್ತಿಯ ಪಟ್ಟಿಯಲ್ಲಿ ಇದ್ದವಲ್ಲ. ಲೆಕ್ಕದಲ್ಲಿಲ್ಲದ ವಸ್ತು ಕಳೆದುಹೋದರೆ ಲೆಕ್ಕಿಗನಿಗೆ ತಿಳಿಯುವುದಾದರೂ ಹೇಗೆ?

ಎರಡೂವರೆ ಲಕ್ಷ ಮಕ್ಕಳ ಸರ್ವೆ

ಶಾಲೆಯ ಮಕ್ಕಳು ನೆಲವನ್ನು ಅಳೆದು ನಕ್ಷೆ ಬರೆಯುವುದು ಹೊಸ ಸಂಗತಿಯೆಂದು ನಾನು ತಿಳಿದಿದ್ದೆ. ಹಾಗೇನಿಲ್ಲ. 1930ರ ದಶಕದಲ್ಲಿ ಡಡ್ಲಿ ಸ್ಟಾಂಪ್ ಎಂಬ ಭೂಗೋಳಶಾಸ್ತ್ರಜ್ಞರು ಬ್ರಿಟನ್ನಿನ ಭೂ ಬಳಕೆಯ ಸರ್ವೇಕ್ಷಣೆಯನ್ನು ಕೈಗೊಂಡರು. ಇವರು ಅದಕ್ಕೆ ಮೊದಲು, ಬರ್ಮಾ ದೇಶವು ಬ್ರಿಟಿಷ್ ಇಂಡಿಯಾದ ಅಂಗವಾಗಿದ್ದ ಕಾಲದಲ್ಲಿ, ರಂಗೂನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. ಇಡೀ ದೇಶದ ಹೊಲ, ಕಾಡು, ಹುಲ್ಲುಗಾವಲುಗಳನ್ನು ಒಂದೊಂದಾಗಿ ನೋಡಿ ಗುರುತಿಸಲು ಸಂಬಳದ ಸರ್ವೆಯರುಗಳನ್ನು ನೇಮಿಸುವಷ್ಟು ಹಣ ಅವರಲ್ಲಿರಲಿಲ್ಲ. ಅವರು ಶಾಲೆಗಳ ಮೊರೆಹೊಕ್ಕರು. ಸುಮಾರು ಎರಡೂವರೆ ಲಕ್ಷ ಮಕ್ಕಳು ತಮ್ಮ ಅಧ್ಯಾಪಕರೊಂದಿಗೆ, ಒಂದು ಮೈಲಿಗೆ ಆರು ಅಂಗುಲದ ಪ್ರಮಾಣದ ನಕ್ಷೆಗಳನ್ನು ಹಿಡಿದು ತಮ್ಮ ತಮ್ಮ ಊರುಗಳನ್ನು ಸುತ್ತಿದರು. ಉತ್ತ ಭೂಮಿಗೆ ಒಂದು ಅಕ್ಷರ, ಹುಲ್ಲುಗಾವಲಿಗೆ ಒಂದು, ಕಾಡಿಗೆ ಒಂದು, ತೋಟಕ್ಕೆ ಒಂದು. ಮಕ್ಕಳು ಬರೆದ ಆ ಅಕ್ಷರಗಳೇ ಎರಡನೆಯ ಮಹಾಯುದ್ಧದಲ್ಲಿ ಹಡಗುಗಳ ಮೂಲಕ ಆಹಾರ ಬರುವುದು ದುಸ್ತರವಾದಾಗ, ಎಲ್ಲೆಲ್ಲಿ ಹೊಸದಾಗಿ ಉಳುಮೆ ಮಾಡಬಹುದೆಂದು ತಿಳಿಯಲು ಸರ್ಕಾರದ ಉಪಯೋಗಕ್ಕೆ ಬಂದವು.

ಅದೇ ಇಂಗ್ಲೆಂಡು ಈಗ ಆ ಪದ್ಧತಿಯನ್ನು ಶಾಲೆಯ ಅಂಗಳಕ್ಕೇ ತಿರುಗಿಸಿದೆ. 2021ರ ನವೆಂಬರಿನಲ್ಲಿ ಗ್ಲಾಸ್ಗೋ ನಗರದಲ್ಲಿ ಹವಾಮಾನ ಸಮ್ಮೇಳನ ನಡೆದಾಗ ಅಲ್ಲಿನ ಶಿಕ್ಷಣ ಇಲಾಖೆ ಒಂದು ಯೋಜನೆಯನ್ನು ಘೋಷಿಸಿತು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಮೊದಲಾದ ಸಂಸ್ಥೆಗಳ ನೇತೃತ್ವದಲ್ಲಿ ಅದು 2023ರ ಅಕ್ಟೋಬರಿನಲ್ಲಿ ಶಾಲೆಗಳಿಗೆ ತೆರೆದುಕೊಂಡಿತು. ಹೆಸರು ನ್ಯಾಷನಲ್ ಎಜುಕೇಷನ್ ನೇಚರ್ ಪಾರ್ಕ್. ಹೆಸರು ಕೇಳಿದರೆ ಎಲ್ಲೋ ಬೇಲಿ ಹಾಕಿದ ಉದ್ಯಾನವೆನಿಸುತ್ತದೆ. ವಾಸ್ತವದಲ್ಲಿ ಅದು ದೇಶದ ಶಿಶುವಿಹಾರ, ಶಾಲೆ, ಕಾಲೇಜುಗಳ ನೆಲವೆಲ್ಲ ಸೇರಿ ಆಗುವ ಒಂದೇ ಉದ್ಯಾನದ ಕಲ್ಪನೆ. ಆ ತುಂಡುಗಳನ್ನೆಲ್ಲ ಕೂಡಿಸಿದರೆ ಬರ್ಮಿಂಗ್‌ಹ್ಯಾಮ್ ನಗರದ ಎರಡರಷ್ಟಕ್ಕಿಂತ ಹೆಚ್ಚಿನ ವಿಸ್ತಾರವಾಗುತ್ತದೆ ಎಂದು ಯೋಜನೆಯವರು ಹೇಳುತ್ತಾರೆ. ಮಕ್ಕಳು ತಮ್ಮ ಅಂಗಳದ ಎಲ್ಲೆಯನ್ನು ಗಣಕದ ನಕ್ಷೆಯ ಮೇಲೆ ಗುರುತಿಸಿ, ಹುಲ್ಲು, ಮರ, ಬೇಲಿಗಿಡ, ನೀರು, ಡಾಂಬರುಗಳೆಂದು ಬೇರೆ ಬೇರೆಯಾಗಿ ವಿಂಗಡಿಸುತ್ತಾರೆ. ಬಳಿಕ ಎಲ್ಲಿ ಏನನ್ನು ಬದಲಾಯಿಸಬಹುದೆಂದು ಚರ್ಚಿಸಿ, ಬದಲಾಯಿಸಿ, ಮತ್ತೆ ಅಳೆಯುತ್ತಾರೆ. ಮತ್ತೆ ಅಳೆಯುವುದೇ ಇದರಲ್ಲಿ ಮುಖ್ಯವೆಂದು ನನ್ನ ಅಭಿಪ್ರಾಯ. ಒಂದೇ ದಿನಾಂಕದ ಶಿಲ್ಕು ನೋಡಿ ಯಾವ ಖಾತೆಯ ಗುಣವನ್ನೂ ಹೇಳಲಾಗುವುದಿಲ್ಲ.

ನಮ್ಮ ದೇಶದಲ್ಲಿಯೂ ಇಂತಹ ಪ್ರಯತ್ನ ಇಲ್ಲದಿಲ್ಲ. ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆಯು ಸುಮಾರು ಎರಡು ದಶಕಗಳಿಂದ ನಡೆಸುತ್ತ ಬಂದಿರುವ ಗ್ರೀನ್ ಸ್ಕೂಲ್ಸ್ ಕಾರ್ಯಕ್ರಮದಲ್ಲಿ ಮಕ್ಕಳೇ ತಮ್ಮ ಶಾಲೆಯ ಗಾಳಿ, ವಿದ್ಯುತ್ತು, ಆಹಾರ, ನೆಲ, ನೀರು, ಕಸ ಈ ಆರರ ಆಡಿಟ್ ಮಾಡುತ್ತಾರೆ. ಆಡಿಟ್ ಎಂಬ ಶಬ್ದವನ್ನು ಅವರೇ ಬಳಸಿದ್ದಾರೆಂಬುದು ನನ್ನಂತಹವನಿಗೆ ಸಂತೋಷದ ವಿಷಯ. ಮಗಳ ಅಧ್ಯಾಪಿಕೆಯವರು ಈ ಎರಡು ಯೋಜನೆಗಳನ್ನೂ ಓದಿಕೊಂಡು, ತಮ್ಮ ಮಕ್ಕಳಿಗೆ ಒಗ್ಗುವಂತೆ ಒಂದು ಕ್ರಮವನ್ನು ಮಾಡಿಕೊಂಡಿದ್ದರು.

ಮೇಲಿನಿಂದ ಹಸಿರು, ಕೆಳಗಿನಿಂದ ಬೂದು

ಮೂವತ್ತು ಮೀಟರಿನ ಒಂದು ಟೇಪು, ಸೀಮೆಸುಣ್ಣ, ದಾರಕ್ಕೆ ಕಲ್ಲು ಕಟ್ಟಿದ ತೂಗುಗುಂಡು, ಪ್ರಯೋಗಶಾಲೆಯ ಒಂದು ಉಷ್ಣಮಾಪಕ. ಉಪಕರಣಗಳು ಇಷ್ಟೆ. ನೆಲವನ್ನು ಅಳೆಯುವುದು ಸುಲಭ. ಮರವನ್ನು ಅಳೆಯುವ ಕ್ರಮ ಮಾತ್ರ ನನಗೆ ಹೊಸದಾಗಿತ್ತು. ಬುಡದಿಂದ ನಾಲ್ಕು ದಿಕ್ಕಿಗೂ ನಡೆದು, ಕೊಂಬೆಯ ಕಟ್ಟಕಡೆಯ ಎಲೆಯ ನೇರ ಕೆಳಗೆ ತೂಗುಗುಂಡು ಬಿಟ್ಟು ಗುರುತು ಹಾಕುವುದು. ಬುಡದಿಂದ ಆ ನಾಲ್ಕು ಗುರುತುಗಳವರೆಗಿನ ದೂರದ ಸರಾಸರಿಯೇ ಮರದ ಕೊಡೆಯ ತ್ರಿಜ್ಯ. ಅದರಿಂದ ಕ್ಷೇತ್ರಫಲ. ಕಾಂಡದ ಸುತ್ತಳತೆಯನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ ತೆಗೆಯಬೇಕು. ಎಲ್ಲರೂ ಒಂದೇ ಎತ್ತರದಲ್ಲಿ ಅಳೆದರೆ ತಾನೆ ಒಬ್ಬರ ಲೆಕ್ಕವನ್ನು ಇನ್ನೊಬ್ಬರದರೊಂದಿಗೆ ಹೋಲಿಸಬಹುದು!

ಆ ಮೂರು ವಾರಗಳಲ್ಲಿ ಮಕ್ಕಳು ಕಂಡುಹಿಡಿದದ್ದು ಇದು. ಕಟ್ಟಡವನ್ನು ಬಿಟ್ಟು ಶಾಲೆಯ ತೆರೆದ ನೆಲ 1,640 ಚದರ ಮೀಟರು. ಅದರಲ್ಲಿ ಪೇವರ್ ಬ್ಲಾಕ್ ಮತ್ತು ಸಿಮೆಂಟು 1,468. ಗೋಡೆಯಂಚಿನಲ್ಲಿ, ನೀರಿನ ಟ್ಯಾಂಕಿನ ಹಿಂದೆ ಉಳಿದ ಬರಿಯ ಮಣ್ಣು 112. ಪ್ರವೇಶದ್ವಾರದ ಬಳಿ ಅತಿಥಿಗಳಿಗೆ ಕಾಣುವಂತೆ ಬೆಳೆಸಿದ ಹುಲ್ಲು ಮತ್ತು ಹೂವಿನ ಪಾತಿ 60. ಮರಗಳು ಒಂಬತ್ತು, ಅವುಗಳ ಕೊಡೆಗಳೆಲ್ಲ ಸೇರಿ 430 ಚದರ ಮೀಟರು. ಇದರಲ್ಲಿ ಸುಮಾರು ಅರ್ಧದಷ್ಟು ಹಿತ್ತಿಲ ಮೂಲೆಯ ಒಂದೇ ಒಂದು ಮಳೆಮರದ್ದು.

ಈ ಅಂಕಿಗಳನ್ನು ನೋಡುತ್ತಿದ್ದಂತೆ ನನಗೆ ಗೋದಾಮಿನ ತಪಾಸಣೆ ನೆನಪಾಯಿತು. ಸಾಲಗಾರರು ತಿಂಗಳಿಗೊಮ್ಮೆ ಸ್ಟಾಕ್ ಸ್ಟೇಟ್‌ಮೆಂಟ್ ಕೊಡುತ್ತಾರೆ. ಕಾಗದದಲ್ಲಿ ಎಲ್ಲವೂ ಸರಿಯಾಗಿರುತ್ತದೆ. ಆದರೂ ಅಧಿಕಾರಿ ಹೋಗಿ ಮೂಟೆಗಳನ್ನು ಕಣ್ಣಾರೆ ಕಂಡು, ಕೆಲವನ್ನಾದರೂ ಸರಿಸಿ ಹಿಂದೇನಿದೆ ಎಂದು ನೋಡಬೇಕೆಂಬುದು ನಿಯಮ. ಇಂದು ಉಪಗ್ರಹಗಳು ಭೂಮಿಯ ಹಸಿರನ್ನು ಅಳೆಯುತ್ತವೆ. ಎಲೆಗಳು ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹಿಂದಕ್ಕೆ ಕಳುಹಿಸುತ್ತವೆ. ಇವೆರಡರ ಅಂತರದಿಂದ ಹಸಿರಿನ ಸೂಚ್ಯಂಕ ದೊರೆಯುತ್ತದೆ. ಯೂರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕೆಯೆಂದರೆ ಹತ್ತು ಮೀಟರಿಗೆ ಹತ್ತು ಮೀಟರು. ಮಗಳ ಶಾಲೆಯ ಅಂಗಳವೆಲ್ಲ ಸೇರಿ ಅಂತಹ ಹದಿನಾರು ಹದಿನೇಳು ಚುಕ್ಕೆಗಳಾದೀತು, ಅಷ್ಟೆ. ಮೇಲಿನಿಂದ ನೋಡುವವನಿಗೆ ಮಳೆಮರದ ಕೊಡೆ ಕಾಣುತ್ತದೆ, ನೂರಕ್ಕೆ ಇಪ್ಪತ್ತಾರು ಹಸಿರೆಂದು ಬರೆದುಕೊಳ್ಳುತ್ತಾನೆ. ಆ ಕೊಡೆಯ ಕೆಳಗೆ ಬುಡದವರೆಗೂ ಬ್ಲಾಕು ಜೋಡಿಸಿರುವುದು, ಬೇರಿಗೆ ಒಂದು ಲೋಟ ನೀರೂ ಇಳಿಯದಿರುವುದು ಕಾಣುವುದು ಅಲ್ಲಿ ಮಂಡಿಯೂರಿ ಕೂತ ಹುಡುಗಿಗೆ ಮಾತ್ರ. ನೆಲದ ಮೇಲಿನ ಹಸಿರು ನೂರಕ್ಕೆ ನಾಲ್ಕೂ ಇಲ್ಲ.

ಎರಡು ಪಾಳಿಗಳಲ್ಲಿ ಓದುವ ಮಕ್ಕಳು 1,900. ಆ ಅರವತ್ತು ಚದರ ಮೀಟರನ್ನು ತಲೆಗೆ ಹಂಚಿದರೆ ಒಂದು ಮಗುವಿಗೆ ಟೈಪು ಕಾಗದದ ಅರ್ಧ ಹಾಳೆಯಷ್ಟು ಹುಲ್ಲು ಬರುತ್ತದೆ. ಅದರ ಮೇಲೂ ಕಾಲಿಡಬಾರದೆಂಬ ಫಲಕ ನೆಟ್ಟಿದ್ದಾರೆ.

ಮರಗಳ ಗಣತಿ ಮುಂಬಯಿಯಲ್ಲಿ ನಡೆಯುತ್ತದೆ. 1975ರ ಮಹಾರಾಷ್ಟ್ರದ ಮರ ಸಂರಕ್ಷಣಾ ಕಾಯಿದೆಯ ಪ್ರಕಾರ ಐದು ವರ್ಷಗಳಿಗೊಮ್ಮೆ ನಡೆಯಬೇಕು. 2018ರಲ್ಲಿ ಮುಗಿದ ಗಣತಿಯಲ್ಲಿ ನಗರದ ಮರಗಳ ಸಂಖ್ಯೆ 29 ಲಕ್ಷ 75 ಸಾವಿರವನ್ನು ಮೀರಿತ್ತು. ಗಣತಿ ಮರವನ್ನು ಎಣಿಸುತ್ತದೆ. ಅದರ ಬುಡ ಉಸಿರಾಡುತ್ತಿದೆಯೇ ಎಂಬುದು ಬೇರೆ ಪ್ರಶ್ನೆ.

ಇದರಿಂದ ಆರೋಗ್ಯಕ್ಕೇನು?

ಆರೋಗ್ಯ ವಿಭಾಗದ ಓದುಗರು ಇಷ್ಟು ಹೊತ್ತಿಗೆ ಈ ಪ್ರಶ್ನೆಯನ್ನು ಕೇಳಿರಬೇಕು. ಕೇಳಬೇಕಾದದ್ದೇ. 2015ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪಯಾಮ್ ದಾದ್ವಂದ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದಿದೆ. ಸ್ಪೇನಿನ ಬಾರ್ಸಿಲೋನಾ ನಗರದ 36 ಪ್ರಾಥಮಿಕ ಶಾಲೆಗಳ 2,593 ಮಕ್ಕಳನ್ನು ಅವರು ಒಂದು ವರ್ಷ ಗಮನಿಸಿದರು. ಶಾಲೆಯ ಒಳಗೂ ಸುತ್ತಲೂ ಹೆಚ್ಚು ಹಸಿರಿದ್ದ ಕಡೆಯ ಮಕ್ಕಳಲ್ಲಿ, ಓದಿದ್ದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಬಳಸುವ ಶಕ್ತಿ ಹೆಚ್ಚು ವೇಗವಾಗಿ ಬೆಳೆದಿತ್ತು. ಅನ್ಯಮನಸ್ಕತೆ ಹೆಚ್ಚು ಇಳಿದಿತ್ತು. ಇದರಲ್ಲಿ ಒಂದು ಪಾಲು, ಅಂತಹ ಶಾಲೆಗಳಲ್ಲಿ ವಾಹನಗಳ ಹೊಗೆಯ ಮಸಿ ಕಡಿಮೆಯಿದ್ದುದರ ಫಲವೆಂದು ಅವರು ಲೆಕ್ಕಹಾಕಿದರು. ಇದು ಸಂಬಂಧವನ್ನು ತೋರಿಸಿದ ಅಧ್ಯಯನವೇ ಹೊರತು ಕಾರಣವನ್ನು ಸಿದ್ಧಪಡಿಸಿದ್ದಲ್ಲ. ಮರ ನೆಟ್ಟೊಡನೆ ಗಣಿತದಲ್ಲಿ ಅಂಕಗಳು ಏರುತ್ತವೆಂದು ಯಾರೂ ಎಣಿಸಬಾರದು.

ಫಿನ್ಲೆಂಡಿನಲ್ಲಿ ನಡೆದದ್ದು ಇನ್ನೂ ಸ್ವಾರಸ್ಯಕರ. ಅಲ್ಲಿ ಕೆಲವು ಶಿಶುಪಾಲನಾ ಕೇಂದ್ರಗಳ ಜಲ್ಲಿ ಹಾಸಿದ ಅಂಗಳಗಳಿಗೆ ಕಾಡಿನ ಮೇಲ್ಮಣ್ಣನ್ನೂ ಹುಲ್ಲಿನ ಹಾಸನ್ನೂ ತಂದು ಹಾಕಿ, ಮಕ್ಕಳನ್ನು ಅದರಲ್ಲಿ ಆಡಲು ಬಿಟ್ಟರು. 2020ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಮೂರರಿಂದ ಐದು ವರ್ಷದ 75 ಮಕ್ಕಳಿದ್ದರು. 28 ದಿನಗಳಲ್ಲಿಯೇ ಆ ಅಂಗಳಗಳ ಮಕ್ಕಳ ಚರ್ಮದ ಮೇಲಿನ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು. ರಕ್ತದಲ್ಲಿ ರೋಗನಿರೋಧಕ ವ್ಯವಸ್ಥೆಯನ್ನು ಹತೋಟಿಯಲ್ಲಿಡುವ ಅಂಶಗಳಲ್ಲಿಯೂ ಒಳ್ಳೆಯ ಬದಲಾವಣೆ ಕಂಡಿತು. ಮಣ್ಣಾಟವಾಡಿದರೆ ಬಯ್ಯುವ ನಾವು ಇದನ್ನೋದಿ ಏನೆನ್ನಬೇಕೋ ತಿಳಿಯದು. ನಮ್ಮೂರಿನ ಶಾಲೆಯಲ್ಲಿ ನಾವು ಗೋಳಿಮರದ ಕೆಳಗಿನ ಮಣ್ಣಿನಲ್ಲಿಯೇ ಕಬಡ್ಡಿಯಾಡಿ, ಅದೇ ಕೈಯಲ್ಲಿ ಬುತ್ತಿ ಬಿಚ್ಚಿದವರು. ಹಾಗೆಂದು ಮುಂಬಯಿಯ ಮಣ್ಣೂ ನಮ್ಮೂರಿನ ಮಣ್ಣೂ ಒಂದೇ ಎಂದೂ ನಾನು ಹೇಳಲಾರೆ.

ಕನ್ನಡಕದ ಮಾತು ಬೇರೆ. ಚೀನಾದ ಗ್ವಾಂಗ್‌ಝೌ ನಗರದ ಹನ್ನೆರಡು ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಪ್ರತಿದಿನ 40 ನಿಮಿಷ ಹೆಚ್ಚಾಗಿ ಹೊರಾಂಗಣದ ತರಗತಿ ಇಟ್ಟರು. ಮೂರು ವರ್ಷಗಳ ಬಳಿಕ ಆ ಗುಂಪಿನಲ್ಲಿ ಸಮೀಪದೃಷ್ಟಿ ದೋಷ ಹೊಸದಾಗಿ ಬಂದವರು ನೂರಕ್ಕೆ 30.4; ಇನ್ನೊಂದರಲ್ಲಿ 39.5. ಇದು ಹಸಿರಿನ ಫಲವಲ್ಲ, ಬಯಲ ಬೆಳಕಿನದು ಎಂದು ತಜ್ಞರು ಹೇಳುತ್ತಾರೆ. ಆದರೆ ಮಗು ಹೊರಗೆ ನಿಲ್ಲಬೇಕಲ್ಲ! ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಒಂದು ಗಂಟೆಗೆ ಮಗಳ ತಂಡದವರು ಉಷ್ಣಮಾಪಕದ ಬುಡವನ್ನು ನೆಲಕ್ಕೆ ತಾಗಿಸಿ ಓದಿದರು. ಬಿಸಿಲಿನ ಬ್ಲಾಕಿನ ಮೇಲೆ 51 ಡಿಗ್ರಿ ಸೆಲ್ಸಿಯಸ್, ಮಳೆಮರದ ನೆರಳಿನಲ್ಲಿ 36. ಊಟದ ಬಿಡುವಿನಲ್ಲಿ ಮಕ್ಕಳು ತರಗತಿಯಲ್ಲೇ ಕುಳಿತಿರುತ್ತಾರೆ, ಇಂದಿನ ಮಕ್ಕಳಿಗೆ ಆಟವೇ ಬೇಡ ಎಂದು ಸಭೆಗಳಲ್ಲಿ ನಾವೇ ಆಕ್ಷೇಪಿಸಿದ್ದೆವು.

ಠರಾವಿನ ಮುಂದಿನ ಕಥೆ

ಏಪ್ರಿಲ್ ತಿಂಗಳಲ್ಲಿ ಮಕ್ಕಳು ಶಾಲೆಯ ಆಡಳಿತ ಸಮಿತಿಯ ಮುಂದೆ ನಕ್ಷೆಯನ್ನು ಹರಡಿದರು. ಹಳೆಯ ಕೋಶಾಧಿಕಾರಿಯೆಂದು ನನ್ನನ್ನೂ ಕರೆದಿದ್ದರು. ಮರಗಳ ಬುಡವನ್ನು ಬಿಡಿಸಬೇಕು, ಪೂರ್ವದ ಗೋಡೆಯುದ್ದಕ್ಕೂ ಒಂದು ಮೀಟರ್ ಅಗಲದ ಪಟ್ಟಿಯಲ್ಲಿ ಬ್ಲಾಕು ಕಿತ್ತು ಗಿಡ ಹಾಕಬೇಕು ಎಂಬುದು ಅವರ ಕೋರಿಕೆ. ಇಡೀ ಅಂಗಳವನ್ನು ಮಣ್ಣು ಮಾಡಿರೆಂದು ಅವರು ಕೇಳಲಿಲ್ಲ. ಬಸ್ಸುಗಳು ತಿರುಗಬೇಕು, ವಾರ್ಷಿಕೋತ್ಸವದ ವೇದಿಕೆ ಏಳಬೇಕು ಎಂಬುದು ಅವರಿಗೂ ಗೊತ್ತು. ದೆಹಲಿಯ ಮರಗಳ ಬುಡದ ಸುತ್ತ ಒಂದು ಮೀಟರಿನಷ್ಟು ಕಾಂಕ್ರೀಟನ್ನು ತೆಗೆಯಬೇಕೆಂದು 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮಾಡಿದ ಆದೇಶವನ್ನು ಅಧ್ಯಾಪಿಕೆಯವರು ಪ್ರಸ್ತಾಪಿಸಿದರು. ಸದಸ್ಯರೊಬ್ಬರು, ಆರು ವರ್ಷಗಳ ಹಿಂದೆ ಇಷ್ಟು ಖರ್ಚು ಮಾಡಿ ಹಾಕಿಸಿದ್ದನ್ನು ಈಗ ಖರ್ಚು ಮಾಡಿ ಕೀಳಿಸುವುದು ಯಾವ ಲೆಕ್ಕ ಎಂದು ನನ್ನತ್ತ ನೋಡಿದರು. ಅಂದಿನ ಲೆಕ್ಕದಲ್ಲಿ ಒಂದು ಕಲಮು ಬಿಟ್ಟುಹೋಗಿತ್ತು ಎಂದಷ್ಟೇ ನಾನು ಉತ್ತರಿಸಿದೆ. ಮಗಳ ಮುಂದೆ ಅಷ್ಟು ಹೇಳುವುದೂ ಸುಲಭವಾಗಿರಲಿಲ್ಲ. ಕೊನೆಗೆ, ದೀಪಾವಳಿಯ ರಜೆಯಲ್ಲಿ ಕೆಲಸ ಮಾಡಿಸುವುದೆಂದು ತೀರ್ಮಾನವಾಯಿತು.

ದೀಪಾವಳಿಯವರೆಗೆ ಕಾಯುವಂತಾಗಲಿಲ್ಲ. ಜುಲೈ ತಿಂಗಳ ಮಳೆಗಾಳಿಯ ಒಂದು ರಾತ್ರಿ, ದ್ವಾರದ ಬಲಗಡೆಯ ಗುಲ್‌ಮೊಹರ್ ಬುಡಸಹಿತ ಉರುಳಿತು. ರಾತ್ರಿಯಾದ್ದರಿಂದ ಯಾರಿಗೂ ಅಪಾಯವಾಗಲಿಲ್ಲ. ಹಗಲಾಗಿದ್ದರೆ ಅದೇ ಜಾಗದಲ್ಲಿ ಬಸ್ಸಿನ ಸಾಲು ನಿಲ್ಲುತ್ತದೆ. ಗುಲ್‌ಮೊಹರ್ ಮೊದಲೇ ಮೆದುಮರ, ಮಳೆಗಾಲದಲ್ಲಿ ಬೀಳುವುದು ಹೊಸತಲ್ಲ. ಬ್ಲಾಕು ಕೂರಿಸುವಾಗ ಬೇರು ಕತ್ತರಿಸಿದ್ದರಿಂದಲೇ ಅದು ಬಿದ್ದಿತೆಂದು ಯಾರೂ ಖಚಿತವಾಗಿ ಹೇಳಲಾರರು. ಆದರೆ ಮಗುಚಿಬಿದ್ದ ಬುಡದ ಒಂದು ಮಗ್ಗುಲಲ್ಲಿ, ಬ್ಲಾಕಿನ ಅಂಚಿಗೆ ಸರಿಯಾಗಿ, ಬೇರುಗಳು ಹಳೆಯ ಗರಗಸದ ಗುರುತಿನೊಂದಿಗೆ ಮೊಂಡಾಗಿದ್ದುದನ್ನು ನಾನು ಬೆಳಿಗ್ಗೆ ಹೋಗಿ ನೋಡಿದೆ. ಕಂತ್ರಾಟುದಾರರ ಬಿಲ್ಲಿನಲ್ಲಿ "ನೆಲ ಸಮತಟ್ಟು ಮಾಡಿದ್ದು" ಎಂಬ ಒಂದು ಸಾಲಿತ್ತು. ಅದನ್ನು ಪಾಸು ಮಾಡಿದ ಸಹಿ ನನ್ನದು.

ಆಗಸ್ಟಿನಲ್ಲಿಯೇ ಉಳಿದ ಎಂಟು ಮರಗಳ ಬುಡ ಬಿಡಿಸಿದರು. ಗೋಡೆಯಂಚಿನ ಪಟ್ಟಿಯಲ್ಲಿ ನಲವತ್ತು ಮೀಟರಿನಷ್ಟು ಉದ್ದಕ್ಕೆ ಬ್ಲಾಕು ತೆಗೆದು ಕರಿಬೇವು, ನುಗ್ಗೆ, ದಾಸವಾಳ ನೆಟ್ಟಿದ್ದಾರೆ. ತೆಗೆದ ಬ್ಲಾಕುಗಳು ಟ್ಯಾಂಕಿನ ಹಿಂದೆ ಪೇರಿಸಿಟ್ಟಿವೆ; ಅವನ್ನು ಲೆಕ್ಕದಿಂದ ತೆಗೆಯುವ ಬಗೆ ಹೇಗೆಂದು ಈಗಿನ ಕೋಶಾಧಿಕಾರಿಗಳು ನನಗೆ ಫೋನು ಮಾಡಿ ಕೇಳಿದ್ದರು.

2025ರ ಜನವರಿಯಲ್ಲಿ ಎರಡನೆಯ ಅಳತೆಯಾಯಿತು. ಮಗಳು ಒಂಬತ್ತನೆಯ ತರಗತಿಗೆ ಹೋಗಿದ್ದರಿಂದ ಟೇಪು ಏಳನೆಯ ತರಗತಿಯವರ ಕೈಗೆ ಬಂದಿತ್ತು. ಇವಳು ತೂಗುಗುಂಡು ಹಿಡಿಯುವುದನ್ನು ಕಲಿಸಿಕೊಡಲು ಎರಡು ದಿನ ಹೋಗಿದ್ದಳು. ಮಣ್ಣು ಮತ್ತು ಹುಲ್ಲು ಸೇರಿ 172 ಇದ್ದದ್ದು 236 ಚದರ ಮೀಟರಾಗಿದೆ. ಮರಗಳ ಕೊಡೆ 430ರಿಂದ 384ಕ್ಕೆ ಇಳಿದಿದೆ. ಗುಲ್‌ಮೊಹರಿನ ವೃತ್ತವನ್ನು ಹೊಸಬರು ರಬ್ಬರಿನಿಂದ ಅಳಿಸಹೊರಟಾಗ ಮಗಳು ತಡೆದಳಂತೆ. ಅದರ ಮೇಲೊಂದು ಗೆರೆಯೆಳೆದು, ಪಕ್ಕದಲ್ಲಿ ಬಿದ್ದ ದಿನಾಂಕವನ್ನು ಬರೆಸಿ, ತನ್ನ ಹೆಸರಿನ ಮೊದಲಕ್ಷರವನ್ನು ಹಾಕಿ ಬಂದಿದ್ದಾಳೆ.